ಹಿಮವೇ ಬೀಳದ ಊರಲ್ಲೂ ಚಳಿಗಾಲದಲ್ಲಿ ಹಾರ್ಟ್ ಅಟ್ಯಾಕ್ ಯಾಕೆ ಜಾಸ್ತಿ?

(ಪರದೆಯಲ್ಲಿ: ಲಾಸ್ ಏಂಜಲೀಸ್ ಕಡಲತೀರ, ಎಳೆ ಬಿಸಿಲು)

ನಮಸ್ಕಾರ. ಇದು ಅಮೆರಿಕದ ಲಾಸ್ ಏಂಜಲೀಸ್. ಜನವರಿ ಮಧ್ಯಾಹ್ನದಲ್ಲೂ ಇಲ್ಲಿ 20 ಡಿಗ್ರಿ ಆಸುಪಾಸು ಇರುತ್ತದೆ. ಈ ಕೌಂಟಿಯಲ್ಲಿ 1985ರಿಂದ 1996ರವರೆಗೆ ಹೃದಯದ ರಕ್ತನಾಳದ ಕಾಯಿಲೆಯಿಂದ ತೀರಿಕೊಂಡ 2 ಲಕ್ಷ 20 ಸಾವಿರಕ್ಕೂ ಹೆಚ್ಚು ಜನರ ಲೆಕ್ಕವನ್ನು ಡಾಕ್ಟರುಗಳು ತಿಂಗಳುವಾರು ತೆಗೆದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಿಗಿಂತ ಡಿಸೆಂಬರ್, ಜನವರಿಯಲ್ಲಿ ಸಾವು ಮೂರನೇ ಒಂದು ಪಾಲು ಜಾಸ್ತಿ ಇತ್ತು.

ಆಸ್ಟ್ರೇಲಿಯಾದಲ್ಲಿ ಚಳಿ ಬರುವುದು ಜೂನ್‌ನಿಂದ ಆಗಸ್ಟ್. ಅಲ್ಲಿ ಹೃದಯದ ಸಾವು ಏರುವುದೂ ಆಗಲೇ. ಅಂದರೆ ಇದು ತಿಂಗಳಿನ ಮಾತಲ್ಲ, ಚಳಿಗಾಲದ ಮಾತು.

"ಚಳಿ ಅಂದ್ರೆ ಕಾಶ್ಮೀರದ್ದು, ನಮ್ಮ ಕಡೆ ಎಂಥ ಚಳಿ" ಅನ್ನುವವರಿಗಾಗಿಯೇ ಈ ವಿಡಿಯೋ.

(ಪರದೆಯಲ್ಲಿ: ಬಿಪಿ ಮೆಷಿನ್)

ಮೈಗೆ ತಣ್ಣಗಿನ ಗಾಳಿ ತಾಗಿದರೆ ಒಳಗೆ ಏನಾಗುತ್ತದೆ? 1984ರಲ್ಲಿ ಲಂಡನ್ನಿನ ವಿಲಿಯಂ ಕೀಟಿಂಗ್ ಮತ್ತು ಅವರ ತಂಡ ಒಂದು ಪ್ರಯೋಗ ಪ್ರಕಟಿಸಿತು. ಕೆಲವರನ್ನು ಆರು ಗಂಟೆ ಕಾಲ ಬೀಸುಗಾಳಿಯಲ್ಲಿ ಇರಿಸಿದರು. ಗಾಳಿ ಎಷ್ಟು ತಣ್ಣಗಿತ್ತು ಗೊತ್ತಾ? 24 ಡಿಗ್ರಿ. ನಾವು ಎಸಿ ಇಟ್ಟುಕೊಳ್ಳುವಷ್ಟು, ಅಷ್ಟೇ. ದೇಹದ ಒಳಗಿನ ಉಷ್ಣತೆ ಇಳಿದದ್ದು ಅರ್ಧ ಡಿಗ್ರಿಗಿಂತ ಕಡಿಮೆ. ಆದರೆ ರಕ್ತದ ಮಂದತೆ 21 ಶೇಕಡಾ ಏರಿತು. ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಹೆಚ್ಚಾದವು. ಬಿಪಿ ಸರಾಸರಿ 126/69 ಇದ್ದದ್ದು 138/87ಕ್ಕೆ ಹೋಯಿತು. ಈ ಅಂಕಿಗಳನ್ನು ನೋಡಿದ ಮೇಲೆ ನನಗಂತೂ ಸಣ್ಣ ಚಳಿಯನ್ನು ಹಗುರವಾಗಿ ತೆಗೆದುಕೊಳ್ಳುವ ಧೈರ್ಯ ಉಳಿದಿಲ್ಲ.

ಶಾಖ ಹೊರಗೆ ಹೋಗದಿರಲಿ ಅಂತ ದೇಹ ಚರ್ಮದ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಅಲ್ಲಿದ್ದ ರಕ್ತ ಒಳಗೆ ಬರುತ್ತದೆ. ಒಳಗೆ ಜಾಸ್ತಿ ಆಯಿತು ಅಂದುಕೊಂಡು ಕಿಡ್ನಿ ನೀರು, ಉಪ್ಪು ಹೊರಗೆ ಹಾಕುತ್ತದೆ. ಚಳಿಯಲ್ಲಿ ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುತ್ತದೆ ಅಲ್ವಾ? ಕಾರಣ ಇದೇ. ನೀರು ಹೋಯಿತು, ರಕ್ತ ಮಂದವಾಯಿತು. ಬಿಗಿಯಾದ ನಾಳದಲ್ಲಿ ಮಂದವಾದ ರಕ್ತವನ್ನು ಹೃದಯ ತಳ್ಳಬೇಕು. ಆರೋಗ್ಯವಂತರಿಗೆ ಇದು ಗೊತ್ತೇ ಆಗುವುದಿಲ್ಲ. ನಾಳದಲ್ಲಿ ಮೊದಲೇ ಕೊಬ್ಬು ಕಟ್ಟಿಕೊಂಡವರಿಗೆ ಇಷ್ಟೇ ಸಾಕು.

(ಪರದೆಯಲ್ಲಿ: ಒಂದು ಕಡೆ ಅಥೆನ್ಸ್, ಇನ್ನೊಂದು ಕಡೆ ಫಿನ್ಲೆಂಡ್)

ಹಾಗಾದರೆ ಚಳಿ ಹೆಚ್ಚಿದ್ದ ಕಡೆ ಸಾವೂ ಹೆಚ್ಚು ಏರಬೇಕಿತ್ತು. ಆದರೆ ಆಗುವುದು ತಿರುಗಾಮುರುಗಾ. 1997ರಲ್ಲಿ ಯುರೋಪಿನ ಹಲವು ಪ್ರದೇಶಗಳನ್ನು ಹೋಲಿಸಿ ಒಂದು ದೊಡ್ಡ ಅಧ್ಯಯನ ಬಂತು. 18 ಡಿಗ್ರಿಗಿಂತ ಕೆಳಗೆ ಒಂದೊಂದು ಡಿಗ್ರಿ ಇಳಿದಾಗ ಎಲ್ಲಾ ಕಾರಣಗಳ ಸಾವು ಸೇರಿ ದಕ್ಷಿಣ ಫಿನ್ಲೆಂಡಿನಲ್ಲಿ 0.27 ಶೇಕಡಾ ಏರುತ್ತಿತ್ತು. ಬೆಚ್ಚಗಿನ ಅಥೆನ್ಸ್‌ನಲ್ಲಿ 2.15 ಶೇಕಡಾ!

ಅವರು ಮನೆ ಮನೆಗೂ ಹೋಗಿ ಕೇಳಿದರು. ಹೊರಗೆ 7 ಡಿಗ್ರಿ ಇದ್ದಾಗ ಫಿನ್ಲೆಂಡಿನವರ ಹಾಲ್ 21.7 ಡಿಗ್ರಿ, ಅಥೆನ್ಸ್‌ನವರದು 19.2. ಅದೇ ಚಳಿಗೆ ಹೊರಗೆ ಹೋಗುವಾಗ ಫಿನ್ಲೆಂಡಿನ 72 ಶೇಕಡಾ ಜನ ಟೋಪಿ ಹಾಕುತ್ತಿದ್ದರು, ಅಥೆನ್ಸ್‌ನಲ್ಲಿ ಬರೀ 13 ಶೇಕಡಾ. ಚಳಿಗೆ ಹೆದರುವವರು ಉಳಿದರು. ಲೆಕ್ಕಕ್ಕೇ ಇಡದವರು ಪೆಟ್ಟು ತಿಂದರು.

ನಾವು ಅಥೆನ್ಸ್ ಕಡೆಯವರು. ಹೀಟರ್ ಇಲ್ಲ, ಕಿಟಕಿಯ ಸಂದಿಯಲ್ಲಿ ಗಾಳಿ, ಕಾಲಡಿ ತಣ್ಣನೆ ನೆಲ. ಬೀದರ್, ವಿಜಯಪುರದ ಕಡೆ ಡಿಸೆಂಬರ್ ರಾತ್ರಿಗಳಲ್ಲಿ ಪಾದರಸ 10ರ ಕೆಳಗೂ ಇಳಿಯುವುದುಂಟು. ಅದೇ ಹೊತ್ತಿಗೆ ಧನುರ್ಮಾಸ. ಬೆಳಗಿನ ಜಾವ ತಣ್ಣೀರು ಸ್ನಾನ ಮಾಡಿ, ಒದ್ದೆ ತಲೆಯಲ್ಲಿ ದೇವಸ್ಥಾನಕ್ಕೆ ಹೋಗುವ ಹಿರಿಯರು ಎಷ್ಟು ಜನ! ಬೆಳಗ್ಗೆ ಏಳುವಾಗ ಬಿಪಿ ತಾನಾಗಿಯೇ ಏರುತ್ತದೆ, ಅದರ ಮೇಲೆ ಈ ಚಳಿ. ಪೂಜೆ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ನೀರು ಬೆಚ್ಚಗಿರಲಿ, ತಲೆ ಒರೆಸಿಕೊಂಡು ಮಂಕಿ ಕ್ಯಾಪ್ ಹಾಕಿಕೊಂಡು ಹೋಗಲಿ. ಸ್ಟೆಂಟ್ ಹಾಕಿಸಿಕೊಂಡವರು ವಾಕಿಂಗನ್ನು ಬಿಸಿಲು ಬಂದ ಮೇಲೆ ಇಟ್ಟುಕೊಳ್ಳಲಿ. ಚಳಿಗಾಲದಲ್ಲಿ ಬಿಪಿ ಒಮ್ಮೆ ನೋಡಿಸಿ. ಬೇಸಿಗೆಯಲ್ಲಿ ಸಾಲುತ್ತಿದ್ದ ಮಾತ್ರೆ ಈಗ ಸಾಲದೇ ಇರಬಹುದು.

ಚಳಿಗಾಲದ ಇನ್ನೊಂದು ಕಾಟ ಫ್ಲೂ. ಕೆನಡಾದ ಒಂಟಾರಿಯೋದಲ್ಲಿ ನಡೆದ ಅಧ್ಯಯನ 2018ರಲ್ಲಿ ಬಂತು. ಲ್ಯಾಬಿನಲ್ಲಿ ಫ್ಲೂ ಖಚಿತವಾದ ಮೊದಲ 7 ದಿನಗಳಲ್ಲಿ ಹಾರ್ಟ್ ಅಟ್ಯಾಕ್ ಆಗುವ ಸಂಭವ ಆರು ಪಟ್ಟು. ಹೃದ್ರೋಗಿಗಳಿಗೆ ಡಾಕ್ಟರು ವರ್ಷಕ್ಕೊಂದು ಫ್ಲೂ ಲಸಿಕೆ ಬರೆಯುವುದು ಸುಮ್ನೆ ಅಲ್ಲ.

ಬೇಸಿಗೆ ಒಳ್ಳೆಯದು ಅಂತಲೂ ಅಲ್ಲ. ಕಲಬುರಗಿ, ರಾಯಚೂರಿನ 40 ದಾಟಿದ ಬಿಸಿಲಲ್ಲಿ ಬೆವರು ಹರಿದು ಬಿಪಿ ಬಿದ್ದುಹೋಗಬಹುದು. ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರು ಡೋಸ್ ಬಗ್ಗೆ ಆಗ ಡಾಕ್ಟರನ್ನು ಕೇಳಬೇಕು.

(ಪರದೆಯಲ್ಲಿ: 108)

ಕೊನೆಗೆ ತಡ ಮಾಡುವ ವಿಚಾರ. ಅಮೆರಿಕದಲ್ಲಿ ಹೃದಯದ ಸಾವು ಡಿಸೆಂಬರ್ 25, 26 ಮತ್ತು ಜನವರಿ 1ರಂದು ವಿಶೇಷವಾಗಿ ಏರುತ್ತದೆ. ಹಬ್ಬ ಮುಗಿಯಲಿ ಅಂತ ಜನ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಾರೆ ಅನ್ನುವುದು ಸಂಶೋಧಕರ ಒಂದು ಅನುಮಾನ. ನಮ್ಮ ಮನೆಗಳಲ್ಲಿ ಇದು ಹೊಸತಲ್ಲ. "ಗ್ಯಾಸ್ ಇರಬೇಕು, ಒಂದು ಸೋಡಾ ಕುಡಿ." "ಈ ಚಳಿಯಲ್ಲಿ ಎಲ್ಲಿಗೆ ಹೋಗೋದು, ಬೆಳಗಾಗಲಿ." ಎದೆ ಹಿಂಡಿದ ಹಾಗೆ ಆಗಿ ನೋವು ಕೈಗೆ, ದವಡೆಗೆ ಹರಿದರೆ, ಚಳಿಯಲ್ಲೂ ಬೆವರಿದರೆ ಬೆಳಗಾಗುವುದನ್ನು ಕಾಯಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ ಬರೀ ಏದುಸಿರು, ಸುಸ್ತು ಇರಬಹುದು. 108ಕ್ಕೆ ಫೋನ್ ಮಾಡಿ. ಇಸಿಜಿ ತೆಗೆಯುವ ಹತ್ತಿರದ ಆಸ್ಪತ್ರೆಗೆ ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಉಚಿತವಾಗಿ ಸಿಗುತ್ತಿದೆ. ನಿಮ್ಮ ತಾಲ್ಲೂಕಿನಲ್ಲಿ ಎಲ್ಲಿ ಕೊಡುತ್ತಾರೆ ಅನ್ನುವುದನ್ನು ಇವತ್ತೇ ವಿಚಾರಿಸಿ, ಮನೆಯವರಿಗೆಲ್ಲ ಹೇಳಿಡಿ.