ಸರಪಳಿ ಕವಲೊಡೆದಾಗ

ಮಂಗಳೂರು ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಹಂಪನಕಟ್ಟೆಯಲ್ಲಿ ನೀವೊಂದು ಲ್ಯಾಪ್‌ಟಾಪ್ ಮಾರುತ್ತಿದ್ದೀರಿ ಅಂತ ಇಟ್ಟುಕೊಳ್ಳಿ. ಕೊಳ್ಳುವವರು ಬಿಟ್‌ಕಾಯಿನ್ ಕಳಿಸಿದರು. ನಿಮ್ಮ ಫೋನಿನಲ್ಲಿ ‘ಒಂದು ಕನ್ಫರ್ಮೇಶನ್’ ಅಂತ ಬಂತು. ‘ಹಣ ಬಂತಲ್ಲ, ಕೊಡಿ ಮಾರಾಯ್ರೆ’ ಅನ್ನುತ್ತಾರೆ ಅವರು. ಕೊಡಬೇಡಿ. ಕಾಯಿರಿ. ಇವತ್ತು ನಾನು ಹೇಳಬೇಕಾದ್ದು ಇಷ್ಟೇ.

ಯಾಕೆ ಕಾಯಬೇಕು? ಬಿಟ್‌ಕಾಯಿನ್‌ನಲ್ಲಿ ಲೆಕ್ಕ ಬರೆಯಲು ಬ್ಯಾಂಕ್ ಇಲ್ಲ. ಲೆಕ್ಕ ಬರೆಯುವವರು ಮೈನರ್‌ಗಳು. ಅವರ ಕಂಪ್ಯೂಟರುಗಳು ಕರೆಂಟು ಸುಟ್ಟು, ಸುಮಾರು 10 ನಿಮಿಷಕ್ಕೊಂದು ಬ್ಲಾಕ್, ಅಂದರೆ ಪಾವತಿಗಳ ಒಂದು ಪುಟ, ಹಿಂದಿನದಕ್ಕೆ ಸರಪಳಿಯ ಹಾಗೆ ಸೇರಿಸುತ್ತವೆ. ನಿಮ್ಮ ಪಾವತಿ ಇರುವ ಬ್ಲಾಕ್ ಸೇರಿದರೆ ಒಂದು ಕನ್ಫರ್ಮೇಶನ್, ಅದರ ಮೇಲೆ ಇನ್ನೊಂದು ಸೇರಿದರೆ ಎರಡು. ಒಂದೇ ಹೊತ್ತಿಗೆ ಇಬ್ಬರು ಸೇರಿಸಿದರೆ ಸರಪಳಿ ಕವಲೊಡೆಯುತ್ತದೆ. ಒಂದು ಕವಲು ಉಳಿಯುತ್ತದೆ, ಇನ್ನೊಂದು ಬಿದ್ದುಹೋಗುತ್ತದೆ. ನಿಮ್ಮ ಹಣ ಬಿದ್ದ ಕವಲಿನಲ್ಲಿದ್ದರೆ?

‘ಉದ್ದದ ಕವಲೇ ಗೆಲ್ಲೋದು ಅಲ್ವಾ ಸರ್?’ ಅಂತ ಸುರತ್ಕಲ್ ಕಡೆಯ ಇಂಜಿನಿಯರಿಂಗ್ ಮಕ್ಕಳು ಪ್ರತಿ ಸಲ ಕೇಳುತ್ತಾರೆ. ಸುಮ್ನೆ ಉದ್ದ ನೋಡಬೇಡಿ ಮಕ್ಕಳೇ. ಯಾವುದರ ಮೇಲೆ ಆ ಕಂಪ್ಯೂಟರುಗಳ ದುಡಿಮೆ ಜಾಸ್ತಿ ಬಿದ್ದಿದೆಯೋ ಅದು ಗೆಲ್ಲುತ್ತದೆ.

2013ರ ಮಾರ್ಚ್‌ನಲ್ಲಿ ನಡೆದದ್ದು ಕೇಳಿ. ಬಿಟ್‌ಕಾಯಿನ್ ಸಾಫ್ಟ್‌ವೇರಿನ 0.8 ಆವೃತ್ತಿ ಹೊಸದಾಗಿ ಬಂದಿತ್ತು. 2,25,430ನೇ ಬ್ಲಾಕ್ ತುಂಬ ದೊಡ್ಡದಾಗಿತ್ತು. ಹೊಸ ಆವೃತ್ತಿ ಅದನ್ನು ಒಪ್ಪಿತು. ಹಳೆಯ 0.7ರ ಡೇಟಾಬೇಸಿಗೆ ಅದು ಜೀರ್ಣವಾಗಲಿಲ್ಲ, ಅದು ತಳ್ಳಿಹಾಕಿತು. ಸರಪಳಿ ಎರಡಾಯಿತು! ಮೈನಿಂಗ್ ಬಲ ಜಾಸ್ತಿ ಇದ್ದದ್ದು 0.8ರ ಕಡೆ. ಆದರೆ ಹಳೆಯ ಆವೃತ್ತಿಯವರು ಆ ಕವಲಿಗೆ ಬರುವ ಹಾಗೇ ಇರಲಿಲ್ಲ. ಹಾಗಾಗಿ ಡೆವಲಪರ್‌ಗಳು ದೊಡ್ಡ ಮೈನಿಂಗ್ ಪೂಲ್‌ಗಳಿಗೆ, ಅಂದರೆ ಮೈನರ್‌ಗಳ ಕೂಟಗಳಿಗೆ, ‘ಹಳೆಯದಕ್ಕೆ ವಾಪಸ್ ಬನ್ನಿ’ ಅಂದರು. ಪೂಲ್‌ಗಳು ಬಂದವು. ಒಂದೊಂದು ಬ್ಲಾಕಿಗೆ 25 ಬಿಟ್‌ಕಾಯಿನ್ ಬಹುಮಾನ ಇದ್ದ ಕಾಲ ಅದು. ಗಳಿಸಿದ್ದನ್ನು ಕೈಯಾರೆ ಬಿಟ್ಟು ಬಂದರು, ನೋಡಿ! ದುಡಿಮೆ ಇತ್ತ ಸರಿಯಿತು, ಹಳೆಯ ಕವಲು ಮುಂದಾಯಿತು, ಅತ್ತಲಿನ 24 ಬ್ಲಾಕ್ ಬಿದ್ದುಹೋದವು. ಬಿದ್ದ ಕವಲಿನಲ್ಲಿ ಒಂದು ಪಾವತಿ ಕಂಪನಿಗೆ ಸುಮಾರು 10,000 ಡಾಲರ್ ಬೆಲೆಯ ನಾಣ್ಯ ಸಂದಾಯವಾಗಿತ್ತು. ಉಳಿದ ಕವಲಿನಲ್ಲಿ ಅದೇ ನಾಣ್ಯ ಬೇರೆ ಕಡೆ ಖರ್ಚಾಗಿತ್ತು. ಆ ಹೊತ್ತು ವ್ಯಾಪಾರಿಗಳಿಗೆ ಹೋದ ಸೂಚನೆಯೂ ಅದೇ: ಸದ್ಯಕ್ಕೆ ಹಣ ತಗೊಳ್ಳಬೇಡಿ, ಕಾಯಿರಿ.

ಎಷ್ಟು ಕಾಯಬೇಕು? ಸಮಯ ಮುಗಿಯುತ್ತಾ ಬಂತು, ಬೇಗ ಹೇಳುತ್ತೇನೆ. ಬಿಟ್‌ಕಾಯಿನ್ ಹುಟ್ಟುಹಾಕಿದ ಸತೋಶಿ ನಕಾಮೊಟೊ 2008ರಲ್ಲೇ ಲೆಕ್ಕ ಹಾಕಿಟ್ಟಿದ್ದಾರೆ. ಕೊಟ್ಟ ಹಣವನ್ನು ಬೇರೆ ಕವಲು ಕಟ್ಟಿ ವಾಪಸ್ ಪಡೆಯಲು ನೋಡುವ ಮೋಸಗಾರನ ಕೈಯಲ್ಲಿ ಒಟ್ಟು ಮೈನಿಂಗ್ ಬಲದ 10% ಇದ್ದರೆ 5 ಬ್ಲಾಕ್ ಸಾಕು, ಅವನು ಗೆಲ್ಲುವ ಸಾಧ್ಯತೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. 30% ಇದ್ದರೆ 24 ಬೇಕು. ಬಿಟ್‌ಕಾಯಿನ್‌ನಲ್ಲಿ 6 ಬ್ಲಾಕ್ ಕಾಯುವುದು ರೂಢಿ, ಅಂದರೆ ಒಂದು ಗಂಟೆ. ಒಂದು ಗಂಟೆ ಕಾಯಲು ಏನು ಕಷ್ಟ?

ಮೈನಿಂಗ್ ಬಲ ಕಡಿಮೆ ಇರುವ ಬೇರೆ ನಾಣ್ಯಗಳ ಸಣ್ಣ ಸರಪಳಿಗಳಿಗೆ ಈ 6ರ ಲೆಕ್ಕ ನಂಬಬೇಡಿ. ಮೈನಿಂಗ್ ಬಲ ಬಾಡಿಗೆಗೂ ಸಿಗುತ್ತದೆ. ಇಥೀರಿಯಂ ಕ್ಲಾಸಿಕ್ ಅನ್ನುವ ಅಂಥದೊಂದು ಸರಪಳಿಯಲ್ಲಿ 2020ರ ಆಗಸ್ಟ್ ಒಂದೇ ತಿಂಗಳಲ್ಲಿ ಮೂರು ಸಲ ಸಾವಿರಾರು ಬ್ಲಾಕ್‌ಗಳು ಅಳಿಸಿಹೋದವು. ಅದಕ್ಕಿಂತ ದೊಡ್ಡದಾದ ಇಥೀರಿಯಂ 2022ರ ಸೆಪ್ಟೆಂಬರ್‌ನಲ್ಲಿ ಮೈನಿಂಗನ್ನೇ ಬಿಟ್ಟು, ನಾಣ್ಯ ಠೇವಣಿ ಇಟ್ಟವರು ಮತ ಹಾಕಿ ಬ್ಲಾಕ್ ಒಪ್ಪುವ ಪದ್ಧತಿಗೆ ಹೋಯಿತು. ಅಲ್ಲಿ ಸುಮಾರು 13 ನಿಮಿಷಕ್ಕೆ ‘ಫೈನಲೈಸ್ಡ್’, ಅಂದರೆ ಲೆಕ್ಕ ಅಂತಿಮವಾಯಿತು, ಅಂತ ಬರುತ್ತದೆ. ಅದು ಬಂದ ಮೇಲೆ ಲ್ಯಾಪ್‌ಟಾಪ್ ಕೊಡಿ.

ನಮಸ್ಕಾರ.