ಹುಳಿ ಮಣ್ಣಿಗೆ ಮದ್ದು ಹುಡುಕಿದ ಎಡ್ಮಂಡ್ ರಫಿನ್

[ದೃಶ್ಯ: ವರ್ಜೀನಿಯಾದ ನಕ್ಷೆ, ಜೇಮ್ಸ್ ನದಿ]

ನಮಸ್ಕಾರ. 1813ರ ಸುಮಾರಿಗೆ ಅಮೆರಿಕದ ವರ್ಜೀನಿಯಾದಲ್ಲಿ, ಜೇಮ್ಸ್ ನದಿಯ ದಡದ ಕಾಗಿನ್ಸ್ ಪಾಯಿಂಟ್ ಎಂಬ ಜಮೀನು ಎಡ್ಮಂಡ್ ರಫಿನ್ ಎಂಬ ಎಳೆಯ ತರುಣನ ಪಾಲಿಗೆ ಬಂತು. ಹೊಗೆಸೊಪ್ಪು, ಮೆಕ್ಕೆಜೋಳ ಬೆಳೆದೂ ಬೆಳೆದೂ ಅಲ್ಲಿನ ಮಣ್ಣು ಸತ್ವ ಕಳೆದುಕೊಂಡಿತ್ತು. ಆ ಸೀಮೆಯ ರೈತರು ಹೊಲ ತೊರೆದು ಪಶ್ಚಿಮಕ್ಕೆ ವಲಸೆ ಹೋಗುತ್ತಿದ್ದರು. ರಫಿನ್ ಹಾಕಿದ ಕೊಟ್ಟಿಗೆ ಗೊಬ್ಬರವೂ ನಿರೀಕ್ಷಿಸಿದ ಫಲ ಕೊಡಲಿಲ್ಲ.

ಆಗ ಅವನು ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಕೃಷಿ ರಸಾಯನಶಾಸ್ತ್ರದ ಬಗ್ಗೆ ಬರೆದ ಪುಸ್ತಕ ಓದಿದ. ಮಣ್ಣಿನಲ್ಲಿ ಆಮ್ಲವಿದ್ದರೆ ಸುಣ್ಣ ಅದನ್ನು ತಗ್ಗಿಸುತ್ತದೆ ಎಂಬ ಮಾತು ಅವನನ್ನು ಹಿಡಿದು ನಿಲ್ಲಿಸಿತು. ಹೊಲದಲ್ಲಿ ಕಣ್ಣಾಡಿಸಿದರೆ, ಬಡಕಲು ನೆಲದಲ್ಲಿ ಪೈನ್ ಮರಗಳು ಮತ್ತು ಹುಳಿ ರುಚಿಯ ಎಲೆಯ ಒಂದು ಕಳೆ. ಸುಣ್ಣದಂಶವಿದ್ದ ನೆಲದಲ್ಲಿ ಅವೆರಡೂ ಏಳುತ್ತಿರಲಿಲ್ಲ. ಮಣ್ಣಿನ ರೋಗವನ್ನು ಗಿಡ ನೋಡಿಯೇ ಊಹಿಸಿದ ಈ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

[ದೃಶ್ಯ: ಚಿಪ್ಪುಗಳು ತುಂಬಿದ ಮಣ್ಣಿನ ಪದರ, ಹತ್ತಿರದಿಂದ]

ಮದ್ದು ಅವನ ಜಮೀನಿನಲ್ಲೇ ಹೂತಿತ್ತು. ಹಳೆಯ ಕಾಲದ ಸಮುದ್ರದ ಚಿಪ್ಪುಗಳು ಪುಡಿಯಾಗಿ ಸೇರಿದ ಆ ಮಣ್ಣಿಗೆ ಮಾರ್ಲ್ ಎನ್ನುತ್ತಾರೆ. 1818ರಲ್ಲಿ ಅದನ್ನು ಅಗೆಸಿ ಕೆಲವು ಎಕರೆಗೆ ಹರಡಿಸಿದ. ಮೆಕ್ಕೆಜೋಳದ ಇಳುವರಿ ಸುಮಾರು ಶೇ. 40ರಷ್ಟು ಏರಿತು. ನಮ್ಮ ಮಲೆನಾಡಿನ ತೋಟಗಳಿಗೆ ಸುಣ್ಣ ಹಾಕುವುದೂ ಇದೇ ಕಾರಣಕ್ಕೆ: ಹುಳಿ ತಗ್ಗಿದರೆ ಗೊಬ್ಬರದ ಸತ್ವ ಬೇರಿಗೆ ದಕ್ಕುತ್ತದೆ.

1823ರಲ್ಲಿ ರಫಿನ್ ವರ್ಜೀನಿಯಾ ಸೆನೆಟ್‌ಗೆ ಆಯ್ಕೆಯಾದ. 1826ರಲ್ಲಿ ರಾಜೀನಾಮೆ ಕೊಟ್ಟು ಹೊಲಕ್ಕೆ ಮರಳಿದ. 1832ರಲ್ಲಿ ಸುಣ್ಣದ ಗೊಬ್ಬರಗಳ ಮೇಲೆ ಪುಸ್ತಕ ತಂದ. ಮರುವರ್ಷ 'ಫಾರ್ಮರ್ಸ್ ರಿಜಿಸ್ಟರ್' ಪತ್ರಿಕೆ ಆರಂಭಿಸಿ, 1842ರವರೆಗೆ ನಡೆಸಿದ.

ಇನ್ನು ನುಂಗಲಾಗದ ಸಂಗತಿ. ಆ ಮಾರ್ಲ್ ಅಗೆದು, ಬಂಡಿಗೆ ತುಂಬಿ, ಹೊಲಕ್ಕೆ ಹೊತ್ತವರು ರಫಿನ್‌ನ ಒಡೆತನದಲ್ಲಿದ್ದ ಗುಲಾಮರು. ಎಕರೆಗೆ ನೂರಾರು ಬುಟ್ಟಿ ಮಣ್ಣು ಹೊರುವ ಆ ದುಡಿಮೆಗೆ ಕೂಲಿಯಿರಲಿಲ್ಲ. ನೆಲ ಚೇತರಿಸಿದರೆ ಬಿಳಿಯ ಜಮೀನ್ದಾರರು ವರ್ಜೀನಿಯಾದಲ್ಲೇ ನಿಲ್ಲುತ್ತಾರೆ, ಗುಲಾಮಗಿರಿಯೂ ಲಾಭ ತರುತ್ತದೆ ಎಂಬುದು ಅವನ ಲೆಕ್ಕಾಚಾರ. ಅವನ ವಿಜ್ಞಾನವನ್ನು ಹೊಗಳುವವರು ಈ ಭಾಗವನ್ನು ಬಿಟ್ಟು ಹೇಳುವುದು ಅನ್ಯಾಯ.

ವಯಸ್ಸಾದಂತೆ ಅವನ ಹಟ ಹೆಚ್ಚಿತು. ಗುಲಾಮರ ಬಿಡುಗಡೆಗಾಗಿ ದಂಗೆ ಎದ್ದ ಜಾನ್ ಬ್ರೌನ್‌ನನ್ನು 1859ರಲ್ಲಿ ಗಲ್ಲಿಗೇರಿಸುವಾಗ, ಅದನ್ನು ನೋಡಲೆಂದೇ ಅರವತ್ತೈದರ ರಫಿನ್ ಸೈನಿಕ ಶಾಲೆಯ ಹುಡುಗರ ಸಾಲಿನಲ್ಲಿ ನಿಂತ. ಬ್ರೌನ್‌ನ ಕಡೆಯವರ ಈಟಿಗಳನ್ನು, ಗುಲಾಮಗಿರಿಯಿದ್ದ ದಕ್ಷಿಣದ ರಾಜ್ಯಗಳ ರಾಜ್ಯಪಾಲರಿಗೆ ಕಳುಹಿಸಿದ. 1861ರ ಏಪ್ರಿಲ್ 12ರಂದು ದಕ್ಷಿಣದವರು ಸಮ್ಟರ್ ಎಂಬ ಸರ್ಕಾರಿ ಸೇನೆಯ ಕೋಟೆಯ ಮೇಲೆ ದಾಳಿ ಮಾಡಿ, ಉತ್ತರ-ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧ ಶುರುವಾಯಿತು; ಅಲ್ಲಿ ಹಾರಿದ ಮೊದಲ ಗುಂಡುಗಳಲ್ಲಿ ಒಂದು ಅವನದು.

ಆ ಯುದ್ಧದಲ್ಲಿ ದಕ್ಷಿಣ ಸೋತಿತು. 1865ರ ಜೂನ್‌ನಲ್ಲಿ ರಫಿನ್, ಉತ್ತರದವರ ಮೇಲಿನ ದ್ವೇಷವನ್ನು ದಿನಚರಿಯಲ್ಲಿ ಕೊನೆಯ ಬಾರಿ ಬರೆದಿಟ್ಟು, ಜೀವ ಕಳೆದುಕೊಂಡ. ಅದೇ ಡಿಸೆಂಬರ್‌ನಲ್ಲಿ ಸಂವಿಧಾನದ 13ನೇ ತಿದ್ದುಪಡಿಗೆ ಅನುಮೋದನೆ ದೊರೆತು, ಅಮೆರಿಕದಲ್ಲಿ ಗುಲಾಮಗಿರಿ ರದ್ದಾಯಿತು.