ಮೈದಾ, ಉಪ್ಪು, ಖಣದ ಚೂರು: ಪುಟ್ಟ ಮಕ್ಕಳ ಕ್ರಿಸ್ಮಸ್ ಅಲಂಕಾರ

[ದೃಶ್ಯ: ಚಾಪೆಯ ಮೇಲೆ ಪರಾತ, ಉಪ್ಪಿನ ಪಾಕೀಟು, ಬಣ್ಣಬಣ್ಣದ ಬಟ್ಟೆಯ ಚೂರುಗಳು. ಮಗುವಿನ ಕೈಗಳು ಮಾತ್ರ ಕಾಣುತ್ತವೆ.]

ನಮಸ್ಕಾರ. ಡಿಸೆಂಬರ್ ಬಂತೆಂದರೆ ಬಾಗಲಕೋಟೆಯ ಅಂಗಡಿಗಳಲ್ಲೂ ಹೊಳೆಯುವ ಪ್ಲಾಸ್ಟಿಕ್ ಗುಂಡುಗಳು ತೂಗುತ್ತವೆ. ಅವುಗಳ ಹಿರಿಯಜ್ಜ ಗಾಜಿನ ಗುಂಡು. ಜರ್ಮನಿಯ ಲೌಶಾ ಎಂಬ ಊರಿನ ಕುಶಲಕರ್ಮಿಗಳು 19ನೇ ಶತಮಾನದಲ್ಲಿ ಗಾಜನ್ನು ಊದಿ ಅದನ್ನು ಹೆಸರುವಾಸಿ ಮಾಡಿದರು. ಗಾಜು ಊದುವುದು ಮಕ್ಕಳ ಕೆಲಸವಲ್ಲ. ಆದರೆ ಹಿಟ್ಟು ತಟ್ಟುವುದು, ಉಂಡೆ ಕಟ್ಟುವುದು? ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಮಗುವಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

[ದೃಶ್ಯ: ಪರಾತದಲ್ಲಿ ಹಿಟ್ಟು ಕಲಸುವುದು.]

ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು. ನೀರು ಸುಮಾರು ಒಂದು ಲೋಟ, ಆದರೆ ಒಮ್ಮೆಲೇ ಸುರಿಯಬೇಡಿ. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾದ ಕೂಡಲೇ ನಿಲ್ಲಿಸಿ. ಹರಳುಪ್ಪು ಬೇಡ, ಮೈಯೆಲ್ಲ ತರಿತರಿಯಾಗುತ್ತದೆ. ರೊಟ್ಟಿಯ ನಾಡಿನಲ್ಲಿ ಕುಳಿತು ಮೈದಾ ಏಕೆ, ಜೋಳದ ಹಿಟ್ಟಿಲ್ಲವೇ ಎಂದು ಕೇಳುವವರಿದ್ದಾರೆ. ಹಿಟ್ಟನ್ನು ಬಿರಿಯದಂತೆ ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಗೋಧಿಯಲ್ಲಿದೆ, ಜೋಳದಲ್ಲಿಲ್ಲ. ಕುದಿನೀರು ಹಾಕಿ ನಾದಿದರೆ ರೊಟ್ಟಿ ಬಡಿಯುವಷ್ಟು ಜಿಗಿ ಬಂದೀತು. ಒಣಗುವಾಗ ಮಾತ್ರ ಅಂಚೆಲ್ಲ ಬಿರಿಯುತ್ತದೆ. ಜೋಳವನ್ನು ಊಟಕ್ಕೇ ಇಟ್ಟುಕೊಳ್ಳೋಣ.

ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ. ಬಾಟಲಿಯ ಮುಚ್ಚಳ, ಶಂಕರಪೋಳಿ ಕತ್ತರಿಸುವ ಚಕ್ರ, ಏನಿದೆಯೋ ಅದನ್ನು ಮಗುವಿನ ಕೈಗೆ ಕೊಡಿ. ನಕ್ಷತ್ರಕ್ಕೆ ಏಳು ಮೂಲೆ ಬಂದರೆ ಬರಲಿ. ದೊಡ್ಡವರು ಕೈ ಹಾಕಿ ನೇರ್ಪು ಮಾಡಿದ ಗೊಂಬೆ ಯಾರದೆಂದು ಮಗುವಿಗೆ ಚೆನ್ನಾಗಿ ಗೊತ್ತಿರುತ್ತದೆ. ನಿಮ್ಮ ಪಾಲಿನ ಕೆಲಸ ಎರಡೇ: ಒಲೆ ಮತ್ತು ಕತ್ತರಿ. ದಾರಕ್ಕಾಗಿ ತೂತನ್ನು ಹಸಿಯಿದ್ದಾಗಲೇ, ಪೆನ್ನಿನ ಹಿಂಬದಿಯಿಂದ, ಅಂಚಿಗೆ ತೀರ ಹತ್ತಿರವಾಗದಂತೆ ಚುಚ್ಚಿಸಿ. ಒಣಗಿದ ಮೇಲೆ ಚುಚ್ಚಿದರೆ ಎರಡು ಹೋಳು.

[ದೃಶ್ಯ: ಮಾಳಿಗೆಯ ಮೇಲೆ ತಟ್ಟೆಯಲ್ಲಿ ಒಣಗುತ್ತಿರುವ ನಕ್ಷತ್ರಗಳು.]

ಓವನ್ ಇದ್ದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ಗಂಟೆ. ಇಲ್ಲದಿದ್ದರೂ ಕೊರತೆಯಿಲ್ಲ, ನಮ್ಮ ಕಡೆಯ ಡಿಸೆಂಬರ್ ಹವೆ ಒಣಹವೆ. ಮಾಳಿಗೆಯ ಬಿಸಿಲಿಗಿಟ್ಟು, ಆಗಾಗ ಮಗುಚಿ, ಸಂಜೆ ಒಳಗೆ ತಂದರೆ ಎರಡು ಮೂರು ದಿನಗಳಲ್ಲಿ ಗಟ್ಟಿಯಾಗುತ್ತವೆ. ಬಣ್ಣಕ್ಕೆ ಪೋಸ್ಟರ್ ಕಲರ್ ಸಾಕು. ಹಿಟ್ಟಿಗೆ ಅರಿಶಿನ ಬೆರೆಸಿದರೆ ಮೊದಲು ಚೆಂದ, ಬಿಸಿಲಿಗೆ ಮಂಕಾಗುತ್ತದೆ. ಮಿನುಗುಪುಡಿಯನ್ನು ನಾನು ಮನೆಯೊಳಗೆ ಬಿಡುವುದಿಲ್ಲ. ಅದು ಬಹುಮಟ್ಟಿಗೆ ಪ್ಲಾಸ್ಟಿಕ್ ಚೂರು. ಯುರೋಪಿಯನ್ ಒಕ್ಕೂಟ 2023ರಲ್ಲಿ ಬಿಡಿ ಪ್ಲಾಸ್ಟಿಕ್ ಮಿನುಗುಪುಡಿಯ ಮಾರಾಟಕ್ಕೆ ಕಡಿವಾಣ ಹಾಕಿತು.

[ದೃಶ್ಯ: ಖಣದ ಬಟ್ಟೆ ಹತ್ತಿರದಿಂದ.]

ಹೊಳಪು ಬೇಕೇ ಬೇಕೆಂದರೆ ಖಣ ಇದೆಯಲ್ಲ! ಗುಳೇದಗುಡ್ಡದ ಖಣ, ಅಂದರೆ ರವಿಕೆಗೆಂದು ನೇಯುವ ಬಟ್ಟೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆಯವರು 1851ರಲ್ಲೇ ಈ ನೇಕಾರರ ಊರಿನಲ್ಲಿ ನೆಲೆಯೂರಿದ್ದರು. ಆದ್ದರಿಂದ ಖಣವೂ ಕ್ರಿಸ್ಮಸ್ಸೂ ಒಂದೇ ಓಣಿಯಲ್ಲಿರುವುದು ಇಲ್ಲಿ ಹೊಸದೇನಲ್ಲ. ರವಿಕೆ ಹೊಲಿಯುವವರನ್ನು ಕೇಳಿದರೆ ಚೂರುಗಳು ಸಿಗುತ್ತವೆ. ಹಾಗೆಯೇ ಕತ್ತರಿಸಿದರೆ ಎಳೆ ಬಿಚ್ಚುತ್ತದೆ. ಮೊದಲು ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದಕ್ಕೆ ಅಂಟಿಸಿ, ಒಣಗಿದ ಮೇಲೆ ತ್ರಿಕೋನಗಳಾಗಿ ಕತ್ತರಿಸಿ. ಒಂದು ನೆಟ್ಟಗೆ, ಇನ್ನೊಂದು ತಲೆಕೆಳಗಾಗಿ ಮೇಲೊಂದಿಟ್ಟರೆ ಆರು ಮೂಲೆಯ ನಕ್ಷತ್ರ. ಯಾವ ಬಣ್ಣಕ್ಕೆ ಯಾವುದು ಜೊತೆ ಎಂಬುದನ್ನು ಮೂರು ವರ್ಷದ ಮಗುವೂ ಹಟ ಹಿಡಿದು ತೀರ್ಮಾನಿಸುತ್ತದೆ.

ಇನ್ನು ನನ್ನ ಮೆಚ್ಚಿನದು: ಗೋದಲಿಯ ಎತ್ತು. ಲೂಕನ ಸುವಾರ್ತೆಯಲ್ಲಿ ಶಿಶು ಯೇಸುವನ್ನು ಗೋದಲಿಯಲ್ಲಿ, ಅಂದರೆ ದನಗಳ ಮೇವಿನ ತೊಟ್ಟಿಯಲ್ಲಿ, ಮಲಗಿಸಿದ ಮಾತಿದೆ, ಎತ್ತಿನ ಸುದ್ದಿಯಿಲ್ಲ. ಎತ್ತು, ಕತ್ತೆ ಸಂಪ್ರದಾಯದಿಂದ ಬಂದವು. ಅಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಜೀವಂತ ಎತ್ತು, ಕತ್ತೆಗಳನ್ನೇ ತಂದು ನಿಲ್ಲಿಸಿ ಹಬ್ಬ ಮಾಡಿದರು. ನಮ್ಮ ಮಕ್ಕಳ ಎತ್ತಿಗೆ ಇಣಿ, ಅಂದರೆ ಬೆನ್ನ ಮೇಲಿನ ಡುಬ್ಬ, ಇರುತ್ತದೆ, ಕೊಂಬು ಮೇಲಕ್ಕೆ ಚಾಚಿರುತ್ತದೆ. ಇರಲಿ, ಬೆತ್ಲೆಹೇಮಿಗೆ ಒಂದು ಜವಾರಿ ಎತ್ತು ಹೋಗಲಿ.

[ದೃಶ್ಯ: ಕಾಗದದ ಉಂಡೆಗೆ ಹಿಟ್ಟು ಮೆತ್ತುವ ಪುಟ್ಟ ಬೆರಳುಗಳು.]

ಉಪ್ಪುಹಿಟ್ಟಿಗೆ ಕಾಲಿನ ಮೇಲೆ ನಿಲ್ಲುವ ಶಕ್ತಿಯಿಲ್ಲ. ಮಲಗಿದ ಎತ್ತು ಮಾಡಿಸಿ. ಒಳಗೆ ಕಾಗದ ಮುದುಡಿಟ್ಟು ಮೇಲೆ ತೆಳ್ಳಗೆ ಮೆತ್ತಿದರೆ ಬೇಗ ಒಣಗುತ್ತದೆ. ಇಡೀ ಹಿಟ್ಟಿನ ಉಂಡೆಯಾದರೆ ಹೊರಗೆ ಗಟ್ಟಿ, ಒಳಗೆ ಹಸಿ, ಆಮೇಲೆ ಬಿರುಕು.

ಮಗು ಹಿಟ್ಟಿನ ರುಚಿ ನೋಡಲು ಹೋದರೆ ತಡೆಯಿರಿ, ಉಪ್ಪು ವಿಪರೀತ. ಮನೆಯಲ್ಲಿ ನಾಯಿಯಿದ್ದರೆ ಹೆಚ್ಚು ಎಚ್ಚರ: ಇಷ್ಟು ಉಪ್ಪು ತಿಂದರೆ ಅದರ ಜೀವಕ್ಕೇ ಅಪಾಯ. ಮೂರು ವರ್ಷದೊಳಗಿನವರ ಹತ್ತಿರ ಮಣಿ, ಗುಂಡಿ ಬೇಡ.

ತೂಗುಹಾಕಲು ಗಾಳಿಮರದ ಟೊಂಗೆಯೊಂದನ್ನು ಮರಳು ತುಂಬಿದ ಕೊಡದಲ್ಲಿ ನಿಲ್ಲಿಸಿದರಾಯಿತು. ಹಬ್ಬ ಮುಗಿದ ಮೇಲೆ ಎರಡೂ ಬದಿಗೆ ವಾರ್ನಿಷ್ ಬಳಿದು, ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಮಳೆಗಾಲದ ತೇವವನ್ನು ಉಪ್ಪು ಎಳೆದುಕೊಂಡರೆ ಗಟ್ಟಿ ನಕ್ಷತ್ರವೂ ಮೆತ್ತಗಾಗುತ್ತದೆ. ಹಾಗೆ ಮೆತ್ತಗಾದದ್ದು ಬಿಸಿಲಿಗಿಟ್ಟರೆ ಹಲವು ಸಲ ಮತ್ತೆ ಗಟ್ಟಿಯಾಗುತ್ತದೆ. ಬೂಸ್ಟು ಹಿಡಿದಿದ್ದರೆ ಮಾತ್ರ ಎಸೆದುಬಿಡಿ.